ಹೆಬ್ಬೆರಳಿಗೆ ರಜೆ

ಮಾಣಿಕಮ್ಮ ಎಷ್ಟು ಸಲ ಹೆಬ್ಬೆರಳು ಒತ್ತಿದರೂ ಬೆರಳಚ್ಚಿನ ಮಷೀನಿನ ದೀಪ ಕೆಂಪಗೇ ಉಳಿಯಿತು. ಹುಮನಾಬಾದ್ ಬಸ್‌ಸ್ಟ್ಯಾಂಡಿನ ಹಿಂದೆ ಆನ್‌ಲೈನ್ ಅಂಗಡಿ ಇಟ್ಟಿದ್ದ ಪೂನಂ ಅವಳ ಬೆರಳು ಒರೆಸಿದಳು, ಎಣ್ಣೆ ಸವರಿದಳು, ಕಡೆಗೆ ತಾನೇ ಹಿಡಿದು ಅದುಮಿದಳು.

"ಗೆರೀನೇ ಇಲ್ಲಲ್ರಿ ಕಾಕಿ. ಎಲ್ಲಾ ಸವದು ಹೋಗ್ಯಾವ."

"ಬೆರಳಂತೂ ಅದಲ್ಲವ್ವಾ," ಎಂದಳು ಮಾಣಿಕಮ್ಮ.

ಗಂಡ ಪಂಡರಿಯದು ಒತ್ತಿದ ಕೂಡಲೇ ಹಸಿರು ಬಂದಿತ್ತು. ಕುರಿ ಕಾಯುವವ, ಬಡಿಗೆ ಹಿಡಿಯುವುದರ ಹೊರತು ಆ ಕೈಗೆ ಹೆಚ್ಚಿನ ಕೆಲಸವಿರಲಿಲ್ಲ. ಆದರೆ ಆರೋಗ್ಯ ವಿಮೆ ಬೇಕಾಗಿದ್ದದ್ದು ಮಾಣಿಕಮ್ಮನಿಗೆ. ಪಿತ್ತಕೋಶದಲ್ಲಿ ಹರಳಾಗಿವೆ, ವಿಮೆಯ ಕಾರ್ಡು ತಂದರೆ ಆಪರೇಷನ್ ಪುಕ್ಕಟೆ ಎಂದು ಬಸವಕಲ್ಯಾಣದ ಡಾಕ್ಟರು ಹೇಳಿ ಕಳಿಸಿದ್ದರು.

"ರೇಷನ್ ಕಾರ್ಡಿಗೆ ಫೋನ್ ನಂಬರ್ ಜೋಡಿಸಿದ್ರ ಬೆರಳಿನ ಜರೂರತ್ ಇಲ್ರಿ," ಎಂದಳು ಪೂನಂ.

"ಹಂಗಾರ ಜೋಡಸವ್ವಾ."

"ಜೋಡಸಲಾಕ ಹೆಬ್ಬೆರಳು ಬೇಕ್ರಿ." ಪೂನಂಗೂ ಕೆಡುಕೆನಿಸಿತು. "ಒಂದು ಕೆಲಸ ಮಾಡ್ರಿ. ಒಂದು ತಿಂಗಳು ಕೈಗೆ ಆರಾಮ ಕೊಡ್ರಿ. ಬೂದಿ, ನೀರು, ಬೆಂಕಿ ಏನೂ ಮುಟ್ಟಬ್ಯಾಡ್ರಿ. ಗೆರಿ ವಾಪಸ್ ಬರ್ತಾವ. ಬರೂವಾಗ ಕಾಕಾನೂ ಬರ್ಲಿ. ಮನಿ ಯಜಮಾನರದು ಅದೇ ದಿನ ಮತ್ತೊಮ್ಮೆ ಆಗಬೇಕು."

ಬೇಮಳಖೇಡಕ್ಕೆ ಮರಳಿದ ಮರುದಿನವೇ ಪಂಡರಿ ಕುರಿಗಳನ್ನು ತಮ್ಮನ ಹಿಂಡಿಗೆ ಸೇರಿಸಿ ಒಲೆಯ ಮುಂದೆ ಕೂತ. ಮೊದಲ ರೊಟ್ಟಿ ನಾಲ್ಕು ತುಂಡಾಯಿತು, ಎರಡನೆಯದು ಹಂಚಿಗೇ ಹತ್ತಿತು. ಬೂದಿ ಹಾಕಿ ಪಾತ್ರೆ ತಿಕ್ಕಿದ, ಸೆಗಣಿ ಬಳಿದ, ಬಟ್ಟೆ ಒಗೆದ. ಹೆಂಡತಿಯ ತಲೆ ಬಾಚಲು ಹೋಗಿ ಬೈಸಿಕೊಂಡ. ಮಾಣಿಕಮ್ಮ ಕೈಗೆ ಎಣ್ಣೆ ಹಚ್ಚಿಕೊಂಡು ಕಟ್ಟೆಯ ಮೇಲೆ ಸುಮ್ಮನೆ ಕೂತಳು. ಪಕ್ಕೆ ನೋವು ಏಳುತ್ತಿತ್ತು, ಇಳಿಯುತ್ತಿತ್ತು. ನೋವಿಗಿಂತ ಈ ಖಾಲಿ ಕೈಗಳೇ ಅವಳಿಗೆ ಭಾರವಾದವು. ನೆರೆಮನೆಯ ಗಯಾಬಾಯಿ ಬಂದು ಅಂಗೈ ತಿರುವಿ ನೋಡಿ, "ಗೌಡ್ತಿ ಆಗಾಕತ್ತಿ ನೋಡು," ಎಂದಾಗ ಮಾಣಿಕಮ್ಮ ನಾಚಿಕೆಯಿಂದ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಒಂದು ಮಧ್ಯಾಹ್ನ ಪಂಡರಿ ಬೆರಳಿನ ಬೊಬ್ಬೆಗೆ ಊದಿಕೊಳ್ಳುತ್ತ ಕೇಳಿದ: "ಇಷ್ಟು ವರ್ಷ ಹ್ಯಾಂಗ ಬಡದಿ ಈ ರೊಟ್ಟಿ?"

ಅವನು ಕೇಳಿದನಲ್ಲ ಎಂದೇ ಮಾಣಿಕಮ್ಮ ಎರಡು ದಿನ ಖುಷಿಯಿಂದಿದ್ದಳು.

ತಿಂಗಳು ಕಳೆದು ಹುಮನಾಬಾದಿಗೆ ಹೋದಾಗ ಮಷೀನು ಮೊದಲ ಸಲಕ್ಕೇ ಹಸಿರಾಯಿತು. ಪೂನಂ ಕುರ್ಚಿಯಿಂದ ಎದ್ದೇ ಬಿಟ್ಟಳು. ಮಾಣಿಕಮ್ಮ ತನ್ನ ಬೆರಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡಳು.

"ಕಾಕಾ, ಈಗ ನಿಮ್ಮದು."

ಪಂಡರಿ ಒತ್ತಿದ. ಕೆಂಪು. ಒರೆಸಿ ಒತ್ತಿದ. ಕೆಂಪು. ಪೂನಂ ಅವನ ಬೆರಳನ್ನು ಬೆಳಕಿಗೆ ಹಿಡಿದಳು. ಸುಟ್ಟು ಸಿಪ್ಪೆ ಎದ್ದು, ಬೂದಿಗೆ ಸವೆದು, ಅದು ನುಣ್ಣಗಾಗಿತ್ತು. ಮಷೀನೇ ಕೆಟ್ಟಿತೇನೋ ಎಂದು ತನ್ನ ಬೆರಳಿಟ್ಟಳು. ಹಸಿರು.

"ಈಗ ನೀವು ಆರಾಮ ತಗೋಬೇಕ್ರಿ ಕಾಕಾ," ಎಂದಳು ಮೆಲ್ಲಗೆ. "ಕಾಕಿ, ನೀವೂ ಕೈ ಕೆಡಿಸ್ಕೋಬ್ಯಾಡ್ರಿ. ಫೋನ್ ಜೋಡಸಲಾಕೂ ಇಬ್ಬರದೂ ಬೇಕು, ಮುಂದಿನ ಸಲ ಇಬ್ಬರದೂ ಹೊಸದಾಗಿ ಕೇಳ್ತದ."

"ಇಬ್ಬರೂ ಕೈ ಕಟ್ಕೊಂಡು ಕುಂತ್ರ ರೊಟ್ಟಿ ಯಾರು ಬಡೀಬೇಕವ್ವಾ?" ಎಂದಳು ಮಾಣಿಕಮ್ಮ.

ಪೂನಂ ಸ್ಕ್ರೀನಿನ ಕಡೆ ನೋಡಿದಳು. ಅಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ.

ಮನೆಗೆ ಬಂದು ಪಂಡರಿ ಹಿಟ್ಟಿನ ಪರಾತಕ್ಕೆ ಕೈ ಹಾಕಿದಾಗ ಮಾಣಿಕಮ್ಮ, "ಸರೀರಿ ಆ ಕಡೆ," ಎಂದು ತಾನೇ ಕೂತಳು. ಸ್ವಲ್ಪ ಯೋಚಿಸಿದಳು. ಆಮೇಲೆ ಹೆಬ್ಬೆರಳೊಂದನ್ನು ಮೇಲಕ್ಕೆ ನಿಲ್ಲಿಸಿ, ಉಳಿದ ನಾಲ್ಕು ಬೆರಳಿನಿಂದ ರೊಟ್ಟಿ ಬಡಿಯತೊಡಗಿದಳು. ಪಂಡರಿ ಅದನ್ನು ನೋಡಿ, ತಾನೂ ಹೆಬ್ಬೆರಳೆತ್ತಿ ಪಾತ್ರೆ ಹಿಡಿದು ಅಂಗಳಕ್ಕೆ ಹೋದ.

ಸಂಜೆ ಗಯಾಬಾಯಿ ಇಣುಕಿದಾಗ ಗಂಡ ಹೆಂಡತಿ ಇಬ್ಬರೂ ಹೆಬ್ಬೆರಳು ಎತ್ತಿಕೊಂಡೇ ಕೆಲಸ ಮಾಡುತ್ತಿದ್ದರು. ನಡುನಡುವೆ ಮಾಣಿಕಮ್ಮ ರೊಟ್ಟಿ ಬಿಟ್ಟು ಎಡಗೈಯಿಂದ ಪಕ್ಕೆ ಒತ್ತಿ ಹಿಡಿಯುತ್ತಿದ್ದಳು. ಆಗಲೂ ಬಲಗೈಯ ಹೆಬ್ಬೆರಳು ನೆಟ್ಟಗೆ ನಿಂತೇ ಇತ್ತು.

"ಕಾರ್ಡಿನ ಕೆಲಸ ಆಯ್ತು ಅನ್ನು," ಎಂದಳು ಗಯಾಬಾಯಿ, ಆ ಬೆರಳುಗಳನ್ನು ನೋಡಿ ನಗುತ್ತ.