ಟೇಪಿನ ಎರಡು ತುದಿ

ಟೇಪಿನ ಆ ತುದಿ ಹಿಡಿದು ನಿಂತವಳು ಸುಗುಣಾ ಎಂದು ಗೊತ್ತಾದ ಕೂಡಲೇ ಉಮಾವತಿ ತನ್ನ ಕೈಯಲ್ಲಿದ್ದ ತುದಿಯನ್ನು ಬಿಟ್ಟುಬಿಟ್ಟಳು. ವಾಶಿಯ ಮ್ಯಾರಥಾನಿನ ಮುಕ್ತಾಯದ ಗೆರೆಯ ಮೇಲೆ ಕೆಂಪು ಟೇಪು ತೆಪ್ಪಗೆ ಬಿದ್ದುಕೊಂಡಿತು.

"ಈಗಲೂ ಕೈ ಸಡಿಲವೇ ಮಾರಾಯ್ತಿ ನಿಂದು?" ಎಂದಳು ಸುಗುಣಾ. ಓಟ ಬಿಟ್ಟ ಮೇಲೆ ಅವಳ ತೂಕ ಒಂದು ಕಿಲೋ ಕೂಡ ಏರಿದಂತಿರಲಿಲ್ಲ.

"ನಿನ್ನನ್ನು ಇಲ್ಲಿಗೆ ಯಾರು ಕರೆದದ್ದು?"

"ಹಳೇ ಓಟಗಾರರು ಸ್ವಯಂಸೇವಕರಾಗಿ ಬೇಕು ಅಂತ ವಾಟ್ಸಾಪಲ್ಲಿ ಬಂದಿತ್ತಲ್ಲ. ಗೆದ್ದವರನ್ನು ಮಾತ್ರ ಕರೀತಾರೆ ಅಂತ ನಾನು ತಿಳ್ಕೊಂಡಿದ್ದೆ."

ಮೂವತ್ತು ವರ್ಷದ ಹಿಂದೆ ಠಾಣೆಯ ಕೋಪರಿಯಲ್ಲಿ ನಡೆದ ಹತ್ತು ಕಿಲೋಮೀಟರ್ ಓಟದಲ್ಲಿ ಮೊದಲು ಗೆರೆ ದಾಟಿದ್ದು ಉಮಾವತಿಯ ತಲೆ. ಆದರೆ ಟೇಪಿಗೆ ಮೊದಲು ತಾಗಿದ್ದು ಸುಗುಣಾಳ ಎದೆ. ತಲೆ, ಕೈ, ಕಾಲು ಯಾವುದೂ ಲೆಕ್ಕಕ್ಕಿಲ್ಲ, ಕತ್ತಿನಿಂದ ಸೊಂಟದವರೆಗಿನ ಮುಂಡವೊಂದೇ ಲೆಕ್ಕ ಎಂದು ತೀರ್ಪುಗಾರರು ನಿಯಮ ಓದಿ ಹೇಳಿದ್ದರು. ಅಂದು ಆ ನಿಯಮವನ್ನು ಬಾಯಿಪಾಠ ಮಾಡಿಕೊಂಡ ಸುಗುಣಾ, ಡೊಂಬಿವಲಿಯ ಪ್ರತಿ ಮದುವೆಯಲ್ಲೂ ಪಾಯಸದ ಹೊತ್ತಿಗೆ ಪಂಕ್ತಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು: "ಉಮಾವತಿಗೆ ತಲೆ ಉಂಟು. ಆದರೆ ತಲೆಯಲ್ಲಿ ಓಟ ಗೆಲ್ಲಲಿಕ್ಕೆ ಆಗುದಿಲ್ಲ." ಉಮಾವತಿ ಜೀವಮಾನದಲ್ಲಿ ಒಂದು ಟೇಪನ್ನೂ ಮೊದಲು ಮುಟ್ಟಿದವಳಲ್ಲ. ಗಂಡನ ಹೊಟೇಲಿನ ಕೌಂಟರಿನಲ್ಲಿ ಗಿರಾಕಿಗಳಿಗೆ ಊಟವಾದ ಮೇಲೆ ಜಗಿಯಲು ಬಡೇಸೋಪು ತುಂಬಿಡುವುದು ಅವಳ ಎರಡನೆಯ ಸ್ಥಾನದ ಕಪ್ಪಿನಲ್ಲಿ.

ಅಷ್ಟರಲ್ಲಿ ಕ್ಯಾಮೆರಾದ ಮೇಜಿನಿಂದ ಶ್ರದ್ಧಾ ಕೂಗಿದಳು. ಓಟದ ಕೊನೆಯ ಕ್ಷಣದ ಫೋಟೊ ತೆಗೆದು ತೀರ್ಪು ಹೇಳುವ ಯಂತ್ರ ಅವಳ ಸುಪರ್ದಿಯಲ್ಲಿತ್ತು. ಮನೆಮಾತು ಕನ್ನಡ, ಬಾಯಿಗೆ ಬರುವುದು ಹಿಂದಿ. "ಆಂಟಿ, ಲೀಡರ್ ಅಭೀ ನೆರೂಲ್ ಮೇ ಹೈ. ಮುಝೇ ಕ್ಯಾಮೆರಾ ಟೆಸ್ಟ್ ಕರ್ನಾ ಹೈ. ಕೋಯೀ ಏಕ್ ದೌಡ್‌ಕೇ ಟೇಪ್ ತೋಡೋ ನಾ, ಪ್ಲೀಸ್!" ಮುಂದಿದ್ದ ಓಟಗಾರ ಇನ್ನೂ ನೆರೂಲಿನಲ್ಲೇ ಇದ್ದ; ಅಷ್ಟರೊಳಗೆ ಯಾರಾದರೊಬ್ಬರು ಓಡಿ ಟೇಪು ಬಿಚ್ಚಿದರೆ ಅವಳಿಗೆ ಕ್ಯಾಮೆರಾ ಪರೀಕ್ಷಿಸಬಹುದಿತ್ತು.

"ನಾನು ಓಡ್ತೇನೆ," ಎಂದರು ಇಬ್ಬರೂ.

"ನೀನು ಬೇಕಾದಷ್ಟು ಓಡಿ ಆಯ್ತಲ್ಲ, ಬಿಡು," ಎಂದಳು ಉಮಾವತಿ.

"ಅಭ್ಯಾಸ ಇದ್ದವರು ಟೇಪು ಮುಟ್ಟಿದರೆ ಕ್ಯಾಮೆರಾಕ್ಕೂ ಒಳ್ಳೇದು."

"ಅರೇ ಬಾಬಾ, ದೋನೋ ದೌಡೋ!" ಎನ್ನುತ್ತ ಶ್ರದ್ಧಾಳೇ ಓಡಿ ಬಂದು ಟೇಪಿನ ಎರಡು ತುದಿಗಳನ್ನು ಆಚೀಚಿನ ಕಂಬಗಳಿಗೆ ಸಿಕ್ಕಿಸಿದಳು, ತಾಗಿದರೆ ಬಿಚ್ಚಿಕೊಳ್ಳುವಷ್ಟು ಸಡಿಲವಾಗಿ.

ಹಿಂದಿನ ದೀಪದ ಕಂಬದಿಂದ ಇಬ್ಬರೂ ಹೊರಟರು. ವಿಜೇತರಿಗಾಗಿ ಕಾದು ಬೇಸತ್ತಿದ್ದ ಢೋಲ್-ತಾಶಾ ತಂಡ ಯಾರಾದರೇನು ಎಂದು ಬಾರಿಸಲು ಶುರುಮಾಡಿತು. ಕಟಕಟೆಯ ಆಚೆ ನಿಂತ ಜನ ಸಿಳ್ಳೆ ಹೊಡೆದರು. ಬಂದೋಬಸ್ತಿನ ಪೊಲೀಸ್ ಪೇದೆ ಕೂಡ "ಚಲಾ, ಚಲಾ ಮಾವಶಿ!" ಎಂದು ಲಾಠಿ ಬೀಸಿದ. ಉಮಾವತಿಯ ಮಂಡಿ ಕಟಕಟ ಎಂದಿತು, ಅವಳಿಗೆ ನಗು ಬಂತು. ನಗು ಬಂದದ್ದೇ ಕಾಲಿಗೆ ಯಾರೋ ಗಾಳಿ ತುಂಬಿದ ಹಾಗಾಯಿತು. ಪಕ್ಕದಲ್ಲಿ ಸುಗುಣಾ ಏದುಸಿರು ಬಿಡುತ್ತ, ಆಮೆಯಂತೆ ಕತ್ತು ಮುಂದೆ ಚಾಚಿಕೊಂಡು ಓಡುತ್ತಿದ್ದಳು. ಟೇಪು ಕಂಬದಿಂದ ಬಿಚ್ಚಿಕೊಂಡು ಇಬ್ಬರನ್ನೂ ಒಟ್ಟಿಗೆ ಸುತ್ತಿತು. ಸುತ್ತಿದ ಹಾಗೆಯೇ ಇಬ್ಬರೂ ತೂರಾಡುತ್ತ ಕ್ಯಾಮೆರಾದ ಮೇಜಿಗೆ ಬಂದು ಆತುಕೊಂಡರು.

"ಕಂಡಿತಾ?" ಸುಗುಣಾ ಫೋಟೊ ಮೂಡಿದ್ದ ಕ್ಯಾಮೆರಾದ ತೆರೆಗೆ ಬೆರಳು ಒತ್ತಿದಳು. "ನನ್ನ ಮುಖ ನೋಡು, ಎಷ್ಟು ಮುಂದೆ ಉಂಟು!"

"ಮುಖ ಲೆಕ್ಕಕ್ಕಿಲ್ಲ," ಎಂದಳು ಉಮಾವತಿ. "ನಾನು ಹೇಳುದಲ್ಲ, ನೀನೇ ಹೇಳ್ತಾ ಬಂದದ್ದು. ಪಾಯಸದ ಹೊತ್ತಿಗೆ."

ಶ್ರದ್ಧಾ ತೆರೆಯ ಮೇಲಿನ ಕೆಂಪು ಗೆರೆಯನ್ನು ಮೆಲ್ಲನೆ ಸರಿಸಿದಳು. ಗೆರೆ ಸುಗುಣಾಳ ಮೂಗನ್ನು ದಾಟಿತು, ಗಲ್ಲವನ್ನು ದಾಟಿತು. ಅವಳ ಎದೆಗೆ ತಲುಪುವ ಮೊದಲೇ, ಸ್ವಯಂಸೇವಕರ ಹಳದಿ ಟೀ ಶರ್ಟಿನಲ್ಲಿ ಪೂರ್ಣಚಂದ್ರನ ಹಾಗೆ ಉಬ್ಬಿದ್ದ ಉಮಾವತಿಯ ಹೊಟ್ಟೆಗೆ ತಾಗಿ ನಿಂತಿತು.

"ಉಮಾ ಆಂಟಿ ಫಸ್ಟ್!"

"ಅದು ಹೊಟ್ಟೆ!" ಎಂದು ಸುಗುಣಾ ಕಿರುಚಿದಳು. "ಹೊಟ್ಟೆಯಲ್ಲಿ ಯಾರಾದರೂ ಗೆಲ್ತಾರಾ?"

"ಗಲೇ ಸೇ ಕಮರ್ ತಕ್ ಸಬ್ ಚಲ್ತಾ ಹೈ, ಆಂಟಿ. ರೂಲ್ ಹೈ." ಕತ್ತಿನಿಂದ ಸೊಂಟದವರೆಗೆ ಯಾವುದಾದರೂ ಸೈ, ಅದೇ ಹಳೇ ನಿಯಮ.

ಉಮಾವತಿ ಎರಡೂ ಕೈಗಳಿಂದ ಹೊಟ್ಟೆಯನ್ನು ತಟ್ಟಿಕೊಂಡಳು, ಗೆದ್ದ ಕುದುರೆಯ ಬೆನ್ನು ತಟ್ಟುವ ಹಾಗೆ. ನಗು ತಡೆಯಲಾರದೆ ಅಲ್ಲೇ ರಸ್ತೆಯ ಮೇಲೆ ಕುಳಿತುಬಿಟ್ಟಳು. ಸುಗುಣಾ ಒಂದು ಗಳಿಗೆ ಮುಖ ಬಿಗಿದುಕೊಂಡಿದ್ದು, ಆಮೇಲೆ ಅವಳೂ ಪಕ್ಕದಲ್ಲಿ ಕುಸಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಇಬ್ಬರನ್ನೂ ಎಬ್ಬಿಸಿ ಟೇಪಿನಿಂದ ಬಿಡಿಸಲು ಪೇದೆಯೇ ಬರಬೇಕಾಯಿತು.

ಸ್ವಲ್ಪ ಹೊತ್ತಿನಲ್ಲಿ ಓಟಗಾರರ ಮುಂದೆ ದಾರಿ ಬಿಡಿಸುತ್ತ ಬರುವ ವಾಹನದ ಸೈರನ್ ಕೇಳಿತು. ಉಮಾವತಿ ಈ ತುದಿ, ಸುಗುಣಾ ಆ ತುದಿ ಹಿಡಿದು ನಿಂತರು. ಊದುಬತ್ತಿಯಂತೆ ತೆಳ್ಳಗಿದ್ದ ವಿಜೇತ ಟೇಪಿಗೆ ಎದೆಕೊಟ್ಟು ಗಾಳಿಯಂತೆ ದಾಟಿ ಹೋದ. ಜನ, ಢೋಲು, ಕ್ಯಾಮೆರಾ ಎಲ್ಲವೂ ಅವನ ಹಿಂದೆ ಓಡಿದವು.

ಸುಗುಣಾ ಮಾತ್ರ ಅವನ ಕಡೆ ನೋಡಲಿಲ್ಲ. ಮೆಲ್ಲನೆ ಈ ತುದಿಗೆ ಬಂದು, ಸುತ್ತ ಯಾರಿಗೂ ಕೇಳದ ಹಾಗೆ ಬಗ್ಗಿ ಕೇಳಿದಳು:

"ಉಮಾ, ಬೆಳಿಗ್ಗೆ ನೀನು ಎಂತ ತಿನ್ನೂದು?"