ಖಾಲಿ ಬಿಟ್ಟ ಸಾಲು

ಮನೆಮನೆ ಮುಂದೆ ನಿಂತು ಕ್ರಿಸ್ಮಸ್ ಹಾಡು ನುಡಿಸುತ್ತಾ ಬಂದ ಇಡೀ ಬ್ಯಾಂಡ್ ಒಂದು ಗೇಟಿನ ಮುಂದೆ ಥಟ್ಟನೆ ಸುಮ್ಮನಾಯಿತು. ಖುಷ್ನುಮಾಳ ಕಾರ್ನೆಟ್ ಮಾತ್ರ ಹಾಡುತ್ತಲೇ ಇತ್ತು. ಕ್ರಿಸ್ಮಸ್ ಬೆಳಗಿನ ಮಂಜಿನಲ್ಲಿ ಗುಡ್ಡದ ಮೇಲಿನ ಆ ಇಂಗ್ಲಿಷ್ ಹಳ್ಳಿ ನೆಲ ಬಿಟ್ಟು ತೇಲುತ್ತಿತ್ತು. ಮುಂದಿನ ಗೇಟು, ಚಿಮಣಿ, ಅಕ್ಕಪಕ್ಕದ ವಾದಕರ ಕೆಂಪು ಕೋಟುಗಳು ಎಲ್ಲವೂ ಅರ್ಧ ಕರಗಿದ್ದವು. ನಗರದ ಡಿಡ್ಸ್‌ಬರಿ ಬಡಾವಣೆಯ ಈ ಡಾಕ್ಟರಮ್ಮ ಬ್ಯಾಂಡಿಗೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ಆ ಗಿಡ್ಡ ತುತ್ತೂರಿಯ ದನಿ ಒಂಟಿಯಾಗಿ ಮಂಜನ್ನೇರುತ್ತಿದ್ದುದು ಅವಳಿಗೆ ಬೆಳಗಿನ ಜಾವದ ಕನಸಿನಷ್ಟು ಹಿತವಾಗಿತ್ತು.

"ನಿಲ್ಸೇ!" ಪಕ್ಕದಲ್ಲಿದ್ದ ಮೈಸೂರಿನ ಶೋಭಾ ಮೊಣಕೈಯಿಂದ ತಿವಿದಳು. ಖುಷ್ನುಮಾ ಬೆಚ್ಚಿದಳು, ಸಾಲಿನ ಕೊನೆಯ ಸ್ವರ ಒಡೆದು, ಕೀರಲಾಗಿ ಹೊರಬಿತ್ತು.

"ಇದು ನಮ್ಮ ಹಳೇ ಕಾರ್ನೆಟ್ ವಾದಕರು ವಿಲ್ಫ್ರೆಡ್ ಮನೆ ಕಣೇ," ಶೋಭಾ ಪಿಸುಗುಟ್ಟಿದಳು. "ಅವರು ತೀರ್ಕೊಂಡಾಗಿಂದ ಈ ಗೇಟ್ ಮುಂದೆ ಅವರೊಬ್ಬರೇ ನುಡಿಸ್ತಿದ್ದ ಸಾಲನ್ನ ಯಾರೂ ನುಡಿಸಲ್ಲ, ಖಾಲಿ ಬಿಡ್ತೀವಿ. ನಿಂಗೆ ಕೊಟ್ಟಿರೋದೂ ಅವರ ಕಾರ್ನೆಟ್ಟೇ. ಹೇಳೋದೇ ಮರ್ತುಬಿಟ್ಟೆ."

ಅಷ್ಟರಲ್ಲಿ ಬಾಗಿಲು ತೆರೆಯಿತು. ವಿಲ್ಫ್ರೆಡ್ಡರ ಹೆಂಡತಿ ಎನಿಡ್ ಮನೆಯೊಳಗಿನ ಚಪ್ಪಲಿಯಲ್ಲೇ ಗೇಟಿನವರೆಗೆ ನಡೆದು ಬಂದರು. ಖುಷ್ನುಮಾ ಕಾರ್ನೆಟ್ಟನ್ನು ಬಾಯಿಂದ ಇಳಿಸಿದಳು. ಮುದುಕಿ ಕೈ ಚಾಚಿ, ಕಾರ್ನೆಟ್ಟಿನ ಅಂಚಿನಲ್ಲಿದ್ದ ಹಳೆಯ ತಗ್ಗನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು.

"ಅವರಿಗೂ ಅಷ್ಟೇ, ಆ ಕೊನೇ ಸ್ವರ ಜನ್ಮದಲ್ಲಿ ಸರಿಯಾಗಿ ಬರ್ಲಿಲ್ಲ," ಎಂದು ನಕ್ಕರು. ಕಣ್ಣು ತುಂಬಿತ್ತು. "ಇವರೆಲ್ಲ ಪ್ರತಿ ಕ್ರಿಸ್ಮಸ್‌ಗೂ ಇಲ್ಲಿ ಬಂದು ಸುಮ್ಮನಾಗಿಬಿಡ್ತಾರಮ್ಮ. ಆ ಸ್ವರ ಒಡೆಯೋದನ್ನ ಕೇಳಿ ಎಷ್ಟು ವರ್ಷ ಆಗಿತ್ತು!"