ಡ್ಯೂಕ್‌ನ ಮಾತ್ರೆ ಡಬ್ಬಿ

“ಡ್ಯೂಕ್ ಹ್ಯಾರೆಲ್ ಅಂದ್ರೆ ಯಾರಕ್ಕಾ? ನಮಗೆ ಹೇಳ್ದೆ ಮದುವೆ ಗಿದುವೆ ಆದ್ರಾ?” ಮಾತ್ರೆ ಡಬ್ಬಿಯ ಮೇಲಿನ ಹೆಸರು ಓದುತ್ತ ಥರ್ಮನ್ ಕೇಳಿದ.

“ನನ್ನ ನಾಯಿ ಕಣೋ! ನಾಯಿ ಡಾಕ್ಟ್ರು ನನ್ನ ಮನೆತನದ ಹೆಸರನ್ನೇ ಅದಕ್ಕೂ ಅಂಟಿಸಿದಾರೆ. ಮನೇಲಿರೋ ಡಬ್ಬಿ ಎಲ್ಲಾ ತನ್ನಿ ಅಂದೋನು ನೀನೇ ಅಲ್ವಾ?” ಎಂದಳು ವರ್ಡೆಲ್. ಚರ್ಚಿನ ನೆಲಮಾಳಿಗೆಯಲ್ಲಿ ವಿಮೆಯ ಕೆಲಸ ಮಾಡಿಕೊಡಲು ಕೂತಿದ್ದ ಥರ್ಮನ್‌ನ ಮುಂದೆ ಸರದಿಗೆ ಕಾದಿದ್ದ ಮುದುಕಿಯರೆಲ್ಲ ಬಿದ್ದು ಬಿದ್ದು ನಕ್ಕರು. ಅವಳಿಗೆ ಮಾತ್ರ ನಗು ಬರಲಿಲ್ಲ. ಫೋನಿನಲ್ಲಿ ಯಾರೋ ಹಲ್ಲಿನ ಖರ್ಚೂ ಕೊಡ್ತೀವಿ ಎಂದು ಬೆಣ್ಣೆ ಹಚ್ಚಿದ್ದಕ್ಕೆ ಮರುಳಾಗಿ ಅವಳು ವಯಸ್ಸಾದವರಿಗೆ ಸರ್ಕಾರ ಕೊಡುವ ಮೆಡಿಕೇರ್ ಆರೋಗ್ಯ ವಿಮೆಯಲ್ಲಿ ತನ್ನ ಯೋಜನೆಯನ್ನೇ ಬದಲಿಸಿಕೊಂಡಿದ್ದಳು. ಹೊಸದರಲ್ಲಿ ಅವಳ ಎದೆನೋವಿನ ಮಾತ್ರೆಯೇ ಇರಲಿಲ್ಲ. ತಿದ್ದಿಕೊಳ್ಳಲು ಇವತ್ತೇ ಕಡೆಯ ದಿನ.

ಥರ್ಮನ್ ಒಂದೊಂದೇ ಡಬ್ಬಿ ಎತ್ತಿ ಮಾತ್ರೆಯ ಹೆಸರನ್ನು ಕಂಪ್ಯೂಟರಿಗೆ ಹಾಕುತ್ತಿದ್ದ. ಮುಚ್ಚಳ ತೆಗೆಯುತ್ತಿದ್ದ, ಮತ್ತೆ ಹಾಕುತ್ತಿದ್ದ. “ಮುಚ್ಚಳದ ಜೊತೆ ಏನೋ ನಿನ್ನಾಟ? ಹೊತ್ತು ಮುಳುಗ್ತಿದೆ!” ಎಂದು ವರ್ಡೆಲ್ ಗದರಿದಳು. ಕೊನೆಗೆ ಅವನು ಗುಂಡಿಯೊಂದನ್ನು ಒತ್ತಿ, “ಹಳೇ ಯೋಜನೆಗೇ ವಾಪಸ್ ಸೇರಿಸಿದೀನಿ ಅಕ್ಕಾ. ನಿಮ್ಮ ಮಾತ್ರೆನೂ ಸಿಗುತ್ತೆ, ನಿಮ್ಮ ಡಾಕ್ಟ್ರೂ ಸಿಗ್ತಾರೆ. ಡ್ಯೂಕಿಗೆ ಮಾತ್ರ ನೀವೇ ಸರ್ಕಾರ,” ಎಂದ.

ಡಬ್ಬಿಗಳನ್ನು ಚೀಲಕ್ಕೆ ತುಂಬುವಾಗ ಸಂಧಿವಾತದಿಂದ ಸೊಟ್ಟಗಾದ ವರ್ಡೆಲ್‌ಳ ಬೆರಳು ತಾಗಿ ಒಂದು ಮುಚ್ಚಳ ಸಲೀಸಾಗಿ ತಿರುಗಿತು. ಮಕ್ಕಳು ತೆಗೆಯಬಾರದೆಂದು ಮಾಡಿದ, ಒತ್ತಿ ತಿರುಗಿಸಬೇಕಾದ ಮುಚ್ಚಳಗಳವು. ಅವನ್ನು ತೆಗೆಸಲು ಅವಳು ದಿನಾ ಪಕ್ಕದ ಮನೆ ಬಾಗಿಲು ತಟ್ಟುತ್ತಿದ್ದಳು. ಥರ್ಮನ್ ಎಲ್ಲವನ್ನೂ ತಲೆಕೆಳಗಾಗಿ ಮಗುಚಿ ಹಾಕಿದ್ದ; ಹಾಗೆ ಹಾಕಿದರೆ ಅವು ಸಾದಾ ಮುಚ್ಚಳದಂತೆ ತಿರುಗುತ್ತಿದ್ದವು. ಇನ್ನು ಒತ್ತುವ ಗೋಜೇ ಇರಲಿಲ್ಲ.

ಅವಳು ಚೀಲದೊಳಗೆ ಕೈಯಾಡಿಸಿ ಡ್ಯೂಕ್‌ನ ಡಬ್ಬಿ ಹುಡುಕಿದಳು. ಅದರ ಮುಚ್ಚಳವನ್ನೂ ಮಗುಚಿದ್ದ.